ಬಾತ್‌ನ ಹರ್ಷಲ್ ಮನೆ: ಮೊದಲು ನೆಲಮಾಳಿಗೆಗೆ ಇಳಿಯಿರಿ

ಇಂಗ್ಲೆಂಡಿನ ಬಾತ್ ನಗರದ 19, ನ್ಯೂ ಕಿಂಗ್ ಸ್ಟ್ರೀಟ್. ಖಗೋಳವಿಜ್ಞಾನಿ ವಿಲಿಯಂ ಹರ್ಷಲ್ ಮತ್ತು ತಂಗಿ ಕ್ಯಾರೊಲಿನ್ ಬಾಳಿದ ಮನೆ, 1981ರಿಂದ ವಸ್ತುಸಂಗ್ರಹಾಲಯ. ನೇರವಾಗಿ ಕೆಳಗಿನ ಕಾರ್ಯಾಗಾರಕ್ಕೆ ಹೋಗಿ, ನೆಲ ನೋಡಿ. 1781ರಲ್ಲಿ ದೂರದರ್ಶಕದ 3 ಅಡಿ ಅಗಲದ ಲೋಹದ ಕನ್ನಡಿಗೆಂದು ತಾಮ್ರ, ತವರ ಕರಗಿಸಿದರು. ಮೊದಲ ಎರಕ ತಣಿಯುವಾಗ ಸೀಳಿತು. ಎರಡನೆಯ ಸಲ ಕುಲುಮೆಯೇ ಸೋರಿ, ಕುದಿವ ಲೋಹ ಬಿದ್ದ ಕಲ್ಲುಚಪ್ಪಡಿಗಳು ಸಿಡಿದವು. ಆ ಬಿರುಕುಗಳು ಇಂದಿಗೂ ಇವೆ. ಅಚ್ಚಿಗೆ ಬೇಕಾದ ಕುದುರೆ ಲದ್ದಿ ಕುಟ್ಟಿ ಜರಡಿ ಹಿಡಿದ ಕ್ಯಾರೊಲಿನ್, ಮುಂದೆ 8 ಧೂಮಕೇತು ಕಂಡುಹಿಡಿದರು. ಅವರನ್ನು ಬರೀ ಸಹಾಯಕಿ ಎನ್ನುವುದು ಅನ್ಯಾಯ.

1781ರ ಮಾರ್ಚ್ 13ರಂದು ವಿಲಿಯಂ ಯುರೇನಸ್ ಗ್ರಹ ಕಂಡುಹಿಡಿದದ್ದು ಇದೇ ಹಿತ್ತಲಿನಿಂದ. ಒಳಗಿರುವ 7 ಅಡಿಯ ದೂರದರ್ಶಕ ಮಾತ್ರ ಅಂದು ಬಳಸಿದ್ದರ ಪ್ರತಿಕೃತಿ. ಕೋಣೆಗಳು ಚಿಕ್ಕವು, ಮೆಟ್ಟಿಲು ಇಕ್ಕಟ್ಟು, ಮಂಡಿನೋವಿದ್ದವರಿಗೆ ಕಷ್ಟ.