ಹಳೆ ಗೋವಾದ ಸೆ ಕೆಥೆಡ್ರಲ್: ಹತ್ತು ನಿಮಿಷಕ್ಕೆ ಮುಗಿಸುವ ಜಾಗವಲ್ಲ

ಹಳೆ ಗೋವಾಕ್ಕೆ ಬರುವ ಟೂರ್ ಬಸ್ಸಿನವರ ಲೆಕ್ಕ ಬಹುಮಟ್ಟಿಗೆ ಒಂದೇ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಪಾರ್ಥಿವ ಶರೀರವಿರುವ ಬೋಮ್ ಜೀಸಸ್ ಬೆಸಿಲಿಕಾಕ್ಕೆ ಮುಕ್ಕಾಲು ಗಂಟೆ, ರಸ್ತೆಯಾಚೆಯ ಸೆ ಕೆಥೆಡ್ರಲ್‌ಗೆ, ಅಂದರೆ ಆರ್ಚ್‌ಬಿಷಪ್ಪರ ಪ್ರಧಾನ ಚರ್ಚಿಗೆ, ಹತ್ತು ನಿಮಿಷ. ಸ್ವಂತ ವಾಹನದಲ್ಲಿ ಬರುವವರು ಇದನ್ನು ತಿರುಗಿಸಿಕೊಳ್ಳುವುದೇ ಒಳ್ಳೆಯದು: ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮೊದಲು ಕೆಥೆಡ್ರಲ್, ಕನಿಷ್ಠ ಒಂದು ಗಂಟೆ, ಆಮೇಲೆ ಬೆಸಿಲಿಕಾ.

ಬೆಳಿಗ್ಗೆಯೇ ಯಾಕೆಂದರೆ ಕಟ್ಟಡದ ಮುಖ ಪೂರ್ವಕ್ಕಿದೆ. ಮಧ್ಯಾಹ್ನದ ಮೇಲೆ ಮುಂಭಾಗ ನೆರಳಿಗೆ ಬೀಳುತ್ತದೆ, ಫೋಟೋ ಮಂಕಾಗುತ್ತದೆ. ಹೆದ್ದಾರಿಯಿಂದ ಬರುವವರಿಗೆ ಮೊದಲು ಕಾಣುವುದು ಉದ್ದನೆಯ ಪಕ್ಕದ ಗೋಡೆ. ಅದನ್ನೇ ನೋಡಿ ಒಳಗೆ ನುಗ್ಗದೆ ಹುಲ್ಲುಹಾಸು ಬಳಸಿ ಎದುರಿಗೆ ಬಂದು ನಿಲ್ಲಿ. ಗೋಪುರ ಎಡಕ್ಕೆ ಮಾತ್ರ ಇದೆ. ಬಲಗಡೆಯದು 1776ರಲ್ಲಿ ಕುಸಿಯಿತು, ಮತ್ತೆ ಕಟ್ಟಲಿಲ್ಲ. ಈ ಕುಂಟು ಮುಖಕ್ಕೆ ಒಂದು ಚೆಲುವೂ ಬಂದಿದೆಯೆನ್ನಿ. ಉಳಿದ ಗೋಪುರದಲ್ಲಿರುವುದು ‘ಚಿನ್ನದ ಗಂಟೆ’. ಹೆಸರು ಬಂದದ್ದು ಲೋಹದಿಂದಲ್ಲ, ನಾದದಿಂದ.

ಗೋಡೆಗಳು ಮುರಕಲ್ಲಿನವು (ಜಂಬಿಟ್ಟಿಗೆ), ಮೇಲೆ ಸುಣ್ಣದ ಗಾರೆ. ನಮ್ಮ ಕರಾವಳಿಯವರಿಗೆ ಈ ಕಲ್ಲಿನ ಸ್ವಭಾವ ಗೊತ್ತೇ ಇದೆ: ರಂಧ್ರ ಹೆಚ್ಚು, ಮಳೆ ನೀರು ಕುಡಿಯುತ್ತದೆ, ಗಾರೆಯಿಲ್ಲದಿದ್ದರೆ ಸವೆಯುತ್ತದೆ. ಬೆಸಿಲಿಕಾದ ಗಾರೆಯನ್ನು ಕಳೆದ ಶತಮಾನದಲ್ಲಿ ಕಿತ್ತುಹಾಕಿದ್ದರಿಂದ ಅದು ಕೆಂಪಾಗಿ ನಿಂತಿದೆ. ಪ್ರವಾಸಿಗರಿಗೆ ಆ ಕೆಂಪೇ ಇಷ್ಟ, ಆದರೆ ಕಟ್ಟಡಕ್ಕೆ ಕ್ಷೇಮ ಇಲ್ಲಿಯ ಬಿಳುಪು. ಎರಡನ್ನೂ ಒಂದೇ ಬೆಳಿಗ್ಗೆ ನೋಡಿದರೆ ವ್ಯತ್ಯಾಸ ಕಣ್ಣಿಗೇ ತಿಳಿಯುತ್ತದೆ.

ಒಳಗೆ ಅಳತೆಯೇ ಬೇರೆ. ಉದ್ದ ಸುಮಾರು 76 ಮೀಟರ್, ಅಗಲ 55. ಕೆಲಸ ಶುರುವಾದದ್ದು 1562ರಲ್ಲಿ, ಕಟ್ಟಡ ಮುಗಿದದ್ದು 1619ಕ್ಕೆ, ಬಲಿಪೀಠಗಳಿಗೆ 1652ರವರೆಗೂ ಕಾಯಬೇಕಾಯಿತು. ಬಾಗಿಲು ದಾಟಿದ ಕೂಡಲೇ ಬಲಕ್ಕೆ ತಿರುಗಿ. ಅಲ್ಲಿ 1532ರ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ ಇದೆ, ಅಂದರೆ ಕಟ್ಟಡಕ್ಕಿಂತ 30 ವರ್ಷ ಹಳೆಯದು. ಸಂತ ಕ್ಸೇವಿಯರ್ ಇದರಿಂದಲೇ ದೀಕ್ಷಾಸ್ನಾನ ಕೊಡುತ್ತಿದ್ದರೆಂದು ಪ್ರತೀತಿ. ಬಹಳಷ್ಟು ಜನ ನೇರ ಬಲಿಪೀಠದತ್ತ ನಡೆದು ಇದನ್ನು ತಪ್ಪಿಸಿಕೊಳ್ಳುತ್ತಾರೆ. ಅದೇ ಸಾಲಿನಲ್ಲಿ ಮುಂದೆ ಪವಾಡದ ಶಿಲುಬೆಯ ಚಾಪೆಲ್, ಅಂದರೆ ಚರ್ಚಿನೊಳಗಿನ ಚಿಕ್ಕ ಪ್ರಾರ್ಥನಾ ಕೋಣೆ. 1619ರಲ್ಲಿ ಅದರ ಮೇಲೆ ಕ್ರಿಸ್ತನ ದರ್ಶನವಾಯಿತೆಂದೂ ಶಿಲುಬೆ ಬೆಳೆಯುತ್ತಿದೆಯೆಂದೂ ಭಕ್ತರ ನಂಬಿಕೆ. ಒಟ್ಟು ಎಂಟು ಚಾಪೆಲ್‌ಗಳಿವೆ. ಎಲ್ಲದಕ್ಕೂ ಸಮ ಹೊತ್ತು ಕೊಡಬೇಕಿಲ್ಲ.

ಹೊತ್ತು ಕೊಡಬೇಕಾದದ್ದು ಪ್ರಧಾನ ಬಲಿಪೀಠಕ್ಕೆ. ಚಿನ್ನದ ಲೇಪದ ಮರದ ಕೆತ್ತನೆ ಗೋಡೆಯೆತ್ತರಕ್ಕೆ ಏರಿದೆ. ಅದರ ಆರು ಫಲಕಗಳಲ್ಲಿ ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನಳ ಬದುಕು ಮತ್ತು ಬಲಿದಾನ. ತೀರಾ ಹತ್ತಿರ ಹೋದರೆ ಮೇಲಿನ ಫಲಕಗಳು ಕತ್ತು ನೋಯಿಸುತ್ತವೆ. ನಾಲ್ಕೈದು ಬೆಂಚು ಹಿಂದೆ ಕೂತರೆ ಇಡೀ ಗೋಡೆ ಒಟ್ಟಿಗೆ ಕಾಣುತ್ತದೆ. ಚಿಕ್ಕ ದುರ್ಬೀನು ಇದ್ದರೆ ತನ್ನಿ. ಈ ಸಂತಳೇ ಯಾಕೆ ಎಂದರೆ, ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಯಿಂದ ಈ ನಗರವನ್ನು ಗೆದ್ದದ್ದು 1510ರ ನವೆಂಬರ್ 25ರಂದು, ಅವಳ ಹಬ್ಬದ ದಿನ.

ಪ್ರವೇಶ ಉಚಿತ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಬೀಚಿನಿಂದ ನೇರ ಬರುವವರಿಗೆ ತೊಡಕಾಗುವುದು ಇಲ್ಲೇ. ಚಪ್ಪಲಿ ಬಿಡಬೇಕಿಲ್ಲ. ಒಳಗೆ ಜನರನ್ನು ನಿಲ್ಲಿಸಿ ಫೋಟೋ ತೆಗೆಯಬಾರದು. ಭಾನುವಾರ ಬೆಳಿಗ್ಗೆ ಪೂಜೆ ನಡೆಯುವಾಗ ಸುತ್ತಾಡಿ ನೋಡುವುದು ಸಲ್ಲದು, ವಾರದ ದಿನವೇ ವಾಸಿ. ಶುಕ್ರವಾರವೂ ಬೇಡ: ಹಿಂಬದಿಯ ಸಂತ ಫ್ರಾನ್ಸಿಸ್ ಅಸಿಸಿ ಚರ್ಚಿಗೆ ಅಂಟಿದ ಪುರಾತತ್ವ ಮ್ಯೂಸಿಯಂಗೆ ಅಂದು ರಜೆ. ಡಿಸೆಂಬರ್ 3ರ ಕ್ಸೇವಿಯರ್ ಹಬ್ಬ, ಅದಕ್ಕೆ ಮುಂಚಿನ ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆ ಭಕ್ತರಿಗೆ ಸರಿ. ಕೆತ್ತನೆ ನೋಡುವವರಿಗೆ ನೂಕುನುಗ್ಗಲು.

ಬೆಳಗಾವಿಯಿಂದ ಅನಮೋಡ್, ಪೋಂಡಾ ದಾರಿಯಲ್ಲಿ ಬಂದರೆ ಪಣಜಿಗೆ ಮೊದಲೇ ಹಳೆ ಗೋವಾ ಸಿಗುತ್ತದೆ, ಪಣಜಿಗೆ ಹೋಗಿ ಮರಳುವ ಸುತ್ತು ಬೇಡ. ಪಣಜಿಯ ಕದಂಬ ಬಸ್ ನಿಲ್ದಾಣದಿಂದ ಸುಮಾರು 10 ಕಿ.ಮೀ. ಕೊಂಕಣ ರೈಲ್ವೆಯಲ್ಲಿ ಬರುವವರಿಗೆ ಕರ್ಮಳಿಯೇ ಹತ್ತಿರದ ನಿಲ್ದಾಣ, ಆದರೆ ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ.

ಹೊರಡುವ ಮುನ್ನ ಸಂತ ಕಜೆಟನ್ ಚರ್ಚಿನತ್ತ ಹತ್ತು ನಿಮಿಷ ನಡೆಯಿರಿ. ಅದರ ಆವರಣದಲ್ಲಿ ಒಂದು ಕಲ್ಲಿನ ಬಾಗಿಲುಚೌಕಟ್ಟು ಒಂಟಿಯಾಗಿ ನಿಂತಿದೆ, ಆದಿಲ್‌ಶಾಹಿ ಅರಮನೆಯದು.