ನ್ಯಾನೊಟ್ಯೂಬ್ ಫಿಲ್ಮ್: ಲೇಸರ್ ತಾನೇ ಶುರುವಾಗುತ್ತದೆ, ಆದರೆ ಕರೆಂಟ್ ಕೈಕೊಡಬಾರದು

ನಮ್ಮ ಲ್ಯಾಬಿನ ಯಟರ್ಬಿಯಂ ಲೇಸರಿಗೆ ಕಾರ್ಬನ್ ನ್ಯಾನೊಟ್ಯೂಬ್ ಫಿಲ್ಮ್ ಹಾಕಿ ವರ್ಷದ ಮೇಲಾಯಿತು. ಲೇಸರಿನ ಬೆಳಕು ಅತಿ ಚಿಕ್ಕ ಪಲ್ಸುಗಳಾಗಿ, ಅಂದರೆ ಮಿಡಿತಗಳಾಗಿ, ಹೊರಬರುವಂತೆ ಮಾಡುವುದು ಇದರ ಕೆಲಸ. ನೋಡಲು ಸುಮ್ನೆ ಮಸುಕಾದ ಗಾಜಿನ ಬಿಲ್ಲೆ. ಕ್ವಾರ್ಟ್ಸ್ ಮೇಲೆ ತೆಳ್ಳಗೆ ಪಿಎಂಎಂಎ ಪ್ಲಾಸ್ಟಿಕ್, ಅದರೊಳಗೆ ಸುಮಾರು 0.8 ನ್ಯಾನೊಮೀಟರ್ ದಪ್ಪದ ಟ್ಯೂಬುಗಳು. ಉಳಿದದ್ದು ಡೇಟಾಶೀಟಿನಲ್ಲಿದೆ.

ನನಗೆ ಇಷ್ಟವಾಗಿದ್ದು ಬೆಳಗಿನ ಹೊತ್ತು. ಬಂದ ತಕ್ಷಣ, ಲೇಸರಿಗೆ ತಂಪು ನೀರು ಹರಿಸುವ ಚಿಲ್ಲರ್ ಆನ್ ಮಾಡುತ್ತೇನೆ. ನೀರು ಒಂದು ಹದಕ್ಕೆ ಬರುವಷ್ಟರಲ್ಲಿ ಕ್ಯಾಂಟೀನಿನಲ್ಲಿ ಫಿಲ್ಟರ್ ಕಾಫಿ ಮುಗಿದಿರುತ್ತದೆ. ಆಮೇಲೆ ಲೇಸರಿಗೆ ಬೆಳಕು ಉಣಿಸುವ ಪಂಪ್ ಡಯೋಡಿನ ಕರೆಂಟನ್ನು ಮೆಲ್ಲಗೆ ಏರಿಸುವುದು. ಮೊದಲು ಆಸಿಲೋಸ್ಕೋಪಿನ ಪರದೆಯಲ್ಲಿ ಪಲ್ಸುಗಳು ಗುಂಪುಗುಂಪಾಗಿ ಏರಿ ಇಳಿಯುತ್ತವೆ. ಅದೇ ಕ್ಯೂ-ಸ್ವಿಚಿಂಗ್. ಇನ್ನೊಂಚೂರು ಏರಿಸಿದರೆ, ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳ ಹಾಗೆ ಎಲ್ಲವೂ ಒಂದೇ ಎತ್ತರಕ್ಕೆ ಸಾಲಾಗಿ ನಿಲ್ಲುತ್ತವೆ. 12.5 ನ್ಯಾನೊಸೆಕೆಂಡಿಗೆ ಒಂದು ಪಲ್ಸ್, ಅಂದರೆ 80 ಮೆಗಾಹರ್ಟ್ಸ್. ಒಂದೊಂದರ ಅಗಲ ಸುಮಾರು 150 ಫೆಮ್ಟೊಸೆಕೆಂಡ್. ಹಿಂದೆ ಇಂಥ ಫಿಲ್ಮ್ ಇಲ್ಲದೆ ಪಲ್ಸ್ ಮಾಡುವ ಕೆರ್-ಲೆನ್ಸ್ ಸೆಟಪ್ಪಿನಲ್ಲಿ ಕನ್ನಡಿಯನ್ನು ಬೆರಳಿನಿಂದ ತಟ್ಟಿ ಪಲ್ಸುಗಳನ್ನು ಎಬ್ಬಿಸಬೇಕಿತ್ತು. ಈಗ ಆ ಕಾಟ ಇಲ್ಲ. ಮಂದ ಬೆಳಕನ್ನು ಟ್ಯೂಬುಗಳು ಹೀರುತ್ತವೆ, ಜೋರು ಬೆಳಕು ಬಂದರೆ ದಾರಿ ಬಿಡುತ್ತವೆ, ಒಂದು ಪಿಕೋಸೆಕೆಂಡ್ ಮುಗಿಯುವ ಮೊದಲೇ ಮತ್ತೆ ಹೀರಲು ತಯಾರು.

ಇಷ್ಟೆಲ್ಲ ಹೊಗಳಿದೆ. ಇನ್ನು ಮಳೆಗಾಲದ ಕಥೆ. ಬೆಂಗಳೂರಿನ ಕರೆಂಟ್ ಗೊತ್ತಲ್ಲ? ಕಣ್ಣು ಮಿಟುಕಿಸಿ ವಾಪಸ್ ಬರುತ್ತದೆ. ಯುಪಿಎಸ್ ಇದ್ದರೂ ಅದು ಬರೀ ಡಯೋಡಿಗೆ, ಚಿಲ್ಲರಿಗಲ್ಲ. ತಂಪು ತಪ್ಪಿದರೆ ಡಯೋಡಿನ ಬಣ್ಣ ಜರುಗುತ್ತದೆ, ಪವರ್ ಇಳಿಯುತ್ತದೆ, ಲೇಸರ್ ಮತ್ತೆ ಕ್ಯೂ-ಸ್ವಿಚಿಂಗಿಗೆ ಜಾರುತ್ತದೆ. ಆಗ ಬರುವ ದೈತ್ಯ ಪಲ್ಸುಗಳಿಗೆ ಪ್ಲಾಸ್ಟಿಕ್ ಸುಟ್ಟು ಚುಕ್ಕಿ ಬೀಳುತ್ತದೆ. ಆ ಜಾಗ ಮುಗಿಯಿತು. ಬಿಲ್ಲೆಯನ್ನು ಕೂದಲೆಳೆಯಷ್ಟು ಸರಿಸಿ ಹೊಸ ಜಾಗ ಹುಡುಕಬೇಕು. ಫಿಲ್ಮ್ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಹಾಗಾಗಿ ಪಲ್ಸಿನ ಅಗಲವೂ ಜಾಗದ ಜೊತೆ ಬದಲಾಗುತ್ತದೆ. ಮಾರಿದವರನ್ನು ಕೇಳಿದರೆ "ಅದು ಕನ್ಸ್ಯೂಮಬಲ್ ಸರ್" ಅಂದರು. ಬಿಲ್ಲಿನಲ್ಲಿ ಮಾತ್ರ ಆಪ್ಟಿಕ್ಸ್ ಅಂತಲೇ ಬರೆದಿತ್ತು!

ಆದರೂ ಇದೇ ಕೆಲಸ ಮಾಡುವ ಸೆಸಾಮ್ ಎಂಬ ಸೆಮಿಕಂಡಕ್ಟರ್ ಕನ್ನಡಿಗೆ ಹೋಗುವ ಮನಸ್ಸಿಲ್ಲ. ಅದನ್ನು ಪದರದ ಮೇಲೆ ಪದರ ಬೆಳೆಸಬೇಕು, ಹೊರದೇಶದಿಂದ ತರಿಸಬೇಕು, ನಮ್ಮ ಪ್ರಾಜೆಕ್ಟ್ ದುಡ್ಡಿಗೆ ಅದು ಭಾರ. ಹೆಚ್ಚು ಪವರ್ ಬೇಕಾದವರಿಗೆ ಸೆಸಾಮೇ ಸರಿ. ನನ್ನ ಹಾಗೆ ಕೆಲವು ನೂರು ಮಿಲಿವಾಟಿನಲ್ಲಿ ಕೆಲಸ ಮುಗಿಸುವವರು ಇದನ್ನು ಧೈರ್ಯವಾಗಿ ತಗೊಳ್ಳಬಹುದು. ಚಿಲ್ಲರಿಗೂ ಯುಪಿಎಸ್ ಹಾಕಿಸಿಕೊಳ್ಳಿ. ಆರ್ಡರ್ ಕೊಡುವಾಗ ಬಿಲ್ಲೆ ದೊಡ್ಡದೇ ಇರಲಿ, ಸರಿಸಲು ಜಾಗ ಜಾಸ್ತಿ ಸಿಗುತ್ತದೆ.