ಊಟಿನಾ, ಕೊಡೈಕನಾಲಾ? ಕೆರೆ ಇರೋ ಊರೇ ಬೇಕು ಅನ್ನೋರಿಗೆ

ಎರಡೂ ಕೆರೆ ಬ್ರಿಟಿಷ್ ಕಲೆಕ್ಟರ್‌ಗಳ ಕಾಲದ್ದೇ. ಊಟಿದು ಕೊಯಮತ್ತೂರು ಕಲೆಕ್ಟರ್ ಜಾನ್ ಸಲ್ಲಿವನ್ 1820ರ ದಶಕದಲ್ಲಿ ಮಾಡ್ಸಿದ್ದು, ಕೊಡೈದು ಮದುರೈ ಕಲೆಕ್ಟರ್ ಆಗಿದ್ದ ಲೆವಿಂಜ್ 1863ರಲ್ಲಿ.

ಕೆರೆಗೋಸ್ಕರನೇ ಹೋಗೋದಾದ್ರೆ ಕಣ್ಮುಚ್ಕೊಂಡು ಕೊಡೈಗೆ ಹೋಗಿ. ಸುತ್ತ ಸುಮಾರು 5 ಕಿಮೀ ರೋಡು, ಬಾಡಿಗೆ ಸೈಕಲ್ ಸಿಗತ್ತೆ (ಬ್ರೇಕ್ ನೋಡ್ಕೊಂಡು ತಗೊಳ್ಳಿ, ಸುಮಾರು ಸೈಕಲ್ಲು ಹಳೇವು), ಬೆಳಗ್ಗೆ ಬೇಗ ಹೋದ್ರೆ ನೀರ್ ಮೇಲೆ ಮಂಜು, ರೋಡಲ್ಲಿ ಜನನೂ ಕಮ್ಮಿ, ಆಮೇಲೆ ಬೆಟ್ಟದ ಅಂಚಲ್ಲಿರೋ ಕಾಲ್ದಾರಿ ಕೋಕರ್ಸ್ ವಾಕ್‌ಗೆ ನಡ್ಕೊಂಡೇ ಹೋಗ್ಬೋದು. ಅಲ್ಲಿನ ಸೌರ ವೀಕ್ಷಣಾಲಯ ಬಹಳ ಜನ ಸ್ಕಿಪ್ ಮಾಡ್ತಾರೆ, ಸೂರ್ಯನ ಮೇಲಿನ ಕಪ್ಪು ಕಲೆಗಳಲ್ಲಿ ಅನಿಲ ಹೊರಗಡೆ ಹರಿಯತ್ತೆ ಅಂತ ಬ್ರಿಟಿಷ್ ಖಗೋಳ ವಿಜ್ಞಾನಿ ಎವರ್‌ಶೆಡ್ ಕಂಡ್‌ಹಿಡಿದಿದ್ದು ಅಲ್ಲೇ, 1909ರಲ್ಲಿ!

ಊಟಿ ಕೆರೆ ಅಂದ್ರೆ ಬೋಟ್‌ಹೌಸ್, ಕ್ಯೂ, ಗದ್ದಲ. ಆದ್ರೆ ಕೆರೆ ಬಿಟ್ರೆ ಊಟಿಯಲ್ಲೇ ಜಾಸ್ತಿ ಇದೆ: 2,637 ಮೀಟರ್‌ನ ದೊಡ್ಡಬೆಟ್ಟ, ಬೊಟಾನಿಕಲ್ ಗಾರ್ಡನ್, 1908ರಲ್ಲಿ ಊಟಿ ಮುಟ್ಟಿದ ಹಲ್ಲು ಹಳಿ ರೈಲು (ನೀಲಗಿರಿ ಟಾಯ್ ಟ್ರೈನ್). ಟಿಕೆಟ್ ಮಾತ್ರ ಮುಂಚೆನೇ ಬುಕ್ ಮಾಡಿ. ಸುತ್ತಮುತ್ತ ನೀಲಗಿರಿಯ ಬಡಗ ಸಮುದಾಯದೋರ ಹಟ್ಟಿಗಳಿವೆ, ಅವ್ರ ಮಾತು ಕನ್ನಡಕ್ಕೆ ಹತ್ರ, ಕಿವಿಗೆ ಬಿದ್ರೆ ನಮ್ಗೆ ಅರ್ಧಂಬರ್ಧ ಅರ್ಥ ಆಗತ್ತೆ.

ಬೆಂಗಳೂರಿಂದ ಊಟಿ ಹತ್ರ, ಕೊಡೈ ದೂರ, ಎರಡೇ ದಿನ ರಜೆ ಇದ್ರೆ ಊಟಿನೇ. ಊಟಿ ದಾರೀಲಿ ಬರೋ ಬಂಡೀಪುರ ಕಾಡಿನ ಗೇಟ್ ರಾತ್ರಿ 9ಕ್ಕೆ ಕ್ಲೋಸ್, ಬೆಳಗ್ಗೆ 6ಕ್ಕೇ ಓಪನ್. ಎರಡೂ ಕಡೆಗೂ 2024ರಿಂದ ಇ-ಪಾಸ್ (ಗಾಡಿ ಒಳಗೆ ಬಿಡೋಕೆ ಆನ್‌ಲೈನ್ ಪರ್ಮಿಷನ್) ಬೇರೆ ಬಂದಿದೆ, ಹೊರಡೋ ಮುಂಚೆ ಮಾಡಿಸ್ಕೊಳ್ಳಿ.